ಫೋನಿಲ್ಲದ ಈರಮ್ಮನ ಹದಿನೇಳು ಕರೆಗಳು

ವನಗೂರಿನ ಒಂದು ಎಸ್ಟೇಟಿನಲ್ಲಿ ಒಣಗಿದ ಕಾಫಿ ಹಣ್ಣು, ಅಂದರೆ ಚೆರಿ, ಚೀಲಕ್ಕೆ ಬೀಳಬೇಕಾದರೆ ಈರಮ್ಮನ ಅಪ್ಪಣೆ ಬೇಕು. ಆಕೆ ಒಂದು ಹಿಡಿ ಚೆರಿ ಎತ್ತಿ ಕಿವಿಯ ಹತ್ತಿರ ಕುಲುಕುತ್ತಾಳೆ. ಒಳಗಿನ ಬೀಜ ಗಲಗಲ ಎಂದರೆ ಸರಿ. ಸದ್ದು ಮಂಕಾದರೆ ಮತ್ತೆ ಕಣಕ್ಕೆ, ಬಿಸಿಲಿಗೆ. ಮೂವತ್ತು ವರ್ಷದಿಂದ ಆಕೆಯ ಕಿವಿ ತಪ್ಪಿಲ್ಲ. ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳುವುದನ್ನೂ ಆಕೆ ತಪ್ಪಿಸಿಲ್ಲ.

ಹೋದ ಕುಯ್ಲಿನಲ್ಲಿ ಮಾಲೀಕರಾದ ಮೋಹನ್ ಗೌಡರು ಚೀಲ ತುಂಬುವ ಸ್ಟೋರಿನ ತೊಲೆಗೆ ಒಂದು ಕ್ಯಾಮೆರಾ ಹಾಕಿಸಿದರು. ಆಳುಗಳ ಮುಖವನ್ನೆಲ್ಲ ಅದಕ್ಕೆ ಕಲಿಸಿದ್ದಾಯಿತು. ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಸುಮ್ಮನೆ ಕೂತಿದ್ದಾರೆ, ಯಾರು ಫೋನಿನಲ್ಲಿದ್ದಾರೆ ಎಂದು ಅದೇ ಗುರುತಿಸಿ ಗೌಡರ ಮೊಬೈಲಿಗೆ ಬರೆದು ಕಳಿಸುತ್ತಿತ್ತು. ಈರಮ್ಮ ಮೊದಲ ದಿನ ಹೊಸ ಸೀರೆ ಉಟ್ಟು, ಅದಕ್ಕೆ ಎದುರಾಗಿ ಕೂತಳು.

ಮೂರನೇ ದಿನ ಗೌಡರು ಮುಖ ಗಂಟಿಕ್ಕಿಕೊಂಡು ಬಂದರು.

“ಏನ್ ಈರಮ್ಮ, ನೆನ್ನೆ ಒಂದೇ ದಿನ ಹದಿನೇಳ್ ಸಲ ಫೋನಲ್ಲಿದ್ದೆ ಅಂತ ಐತೆ! ನಾಳೆಯಿಂದ ಹಣ್ ಕುಯ್ಯಕ್ಕೆ ಗುಡ್ಡ ಹತ್ತು. ಸ್ಟೋರು ಲಕ್ಕಯ್ಯ ನೋಡ್ಕತಾನೆ.”

ಈರಮ್ಮನ ಮೊಣಕಾಲಿಗೆ ಗುಡ್ಡ ಆಗದ ಮಾತು. ಸ್ಟೋರು ಹೋದರೆ ಕೆಲಸವೇ ಹೋದ ಹಾಗೆ.

“ನನ್ ತಾವ ಫೋನ್ ಎಲ್ಲೈತೆ ಗೌಡ್ರೇ?” ಎಂದು ಎಲೆಅಡಿಕೆ ಚೀಲ ಕೊಡವಿದಳು. ಎರಡು ವೀಳ್ಯದೆಲೆ, ಸುಣ್ಣದ ಡಬ್ಬಿ ಉದುರಿದವು.

“ಯಾರಿಗ್ ಮಾಡ್ತಿದ್ಯಕ್ಕ, ಯಮನಿಗಾ?” ಎಂದ, ಪಕ್ಕದಲ್ಲೇ ಚೀಲ ಹಿಡಿದಿದ್ದ ಆಳು ಲಕ್ಕಯ್ಯ.

“ಹೂಂ ಕಣೋ. ನಿನ್ನೇ ಕೇಳ್ದ.”

ಸಿಟ್ಟಿನಲ್ಲೇ ಆಕೆ ಒಂದು ಹಿಡಿ ಚೆರಿ ಎತ್ತಿ ಕಿವಿಗೆ ಹಿಡಿದಳು. ಗೌಡರ ಮೊಬೈಲು ಟಿಣ್ ಎಂದಿತು: ‘ಈರಮ್ಮ, ಫೋನಿನಲ್ಲಿ.’

ಗೌಡರು ಮೊಬೈಲು ನೋಡಿದರು, ಅವಳ ಮುಷ್ಟಿ ನೋಡಿದರು. ಆಮೇಲೆ ತಾವೇ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಕುಲುಕಿದರು. ಮತ್ತೆ ಟಿಣ್: ‘ಗುರುತಿಲ್ಲದ ಆಳು, ಫೋನಿನಲ್ಲಿ.’

ಓದಿ ಹೇಳಿದವರು ಗೌಡರೇ, ಅವರಿಗೇ ನಗು ತಡೆಯಲಾಗಲಿಲ್ಲ.

“ನಾಳೆ ನೀವೂ ಗುಡ್ಡಕ್ ಬತ್ತೀರಾ ಗೌಡ್ರೇ?” ಎಂದಳು ಈರಮ್ಮ. “ಅದಿರ್ಲಿ, ಚೆರಿ ಏನಂತು?”

“ಒಣಗೈತೆ.”

“ಎಲ್ಲಿ ಒಣಗೈತೆ ಮಾರಾಯ್ರೇ! ಇನ್ನೆರಡ್ ಬಿಸ್ಲು ಬೇಕು.”

ಲಕ್ಕಯ್ಯ ರಾಶಿಯನ್ನು ಕಣಕ್ಕೆ ಹೊತ್ತ. ಈರಮ್ಮ ಸ್ಟೋರಿನಲ್ಲೇ ಉಳಿದಳು. ಕ್ಯಾಮೆರಾವೂ ಉಳಿದಿದೆ. ಈಗ ವರದಿಯಲ್ಲಿ ಫೋನಿನ ಲೆಕ್ಕ ಹತ್ತಕ್ಕಿಂತ ಕಡಿಮೆಯಾದರೆ ಗೌಡರು ಬಾಗಿಲಲ್ಲಿ ನಿಂತು ಕೇಳುತ್ತಾರೆ: “ಏನ್ ಈರಮ್ಮ, ಇವತ್ತು ಕೆಲ್ಸ ಮಾಡ್ಲಿಲ್ವಾ?”