ಮೊದಲು ಉಂಡ ಎರಡು ತಿಂಗಳು

ಜನರಿಗೆ ಏನು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ವಾರಕ್ಕೆ ಮೂರು ದಿನ ಹಿರಿಯೂರಿನಲ್ಲಿ ಬಸ್ಸು ಹತ್ತಿ ಧರ್ಮಪುರದ ಕಡೆಯ ಹಳ್ಳಿಗಳಿಗೆ ಹೋಗುತ್ತೇನೆ. ಅಂಗನವಾಡಿಯ ಗೋಡೆಗೆ ಚಿತ್ರಪಟ ತೂಗುಹಾಕಿ, ಬಸುರಿಯರನ್ನೂ ಬಾಣಂತಿಯರನ್ನೂ ಕೂರಿಸಿಕೊಂಡು ಶುರು ಮಾಡುತ್ತೇನೆ. ರಾಗಿ, ಜೋಳ ಮೈಗೆ ಶಕ್ತಿ ಕೊಡುತ್ತವೆ. ಕಾಳು, ಮೊಟ್ಟೆ, ಹಾಲು ಮೈ ಕಟ್ಟುತ್ತವೆ. ಸೊಪ್ಪು ರಕ್ತಕ್ಕೆ ಬೇಕು, ಅದರ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ಚೆನ್ನಾಗಿಯೇ ಹೇಳುತ್ತೇನೆ. ಇಪ್ಪತ್ತು ವರ್ಷ ಹೇಳಿದ್ದನ್ನೇ ಹೇಳಿದರೆ ಗಿಣಿಗೂ ಬರುತ್ತದೆ ಅನ್ನಿ.

ಸಂಜೆ ಬಾಡಿಗೆ ಮನೆಗೆ ಬಂದು ನಾನು ತಿನ್ನುತ್ತಿದ್ದುದು ಮಂಡಕ್ಕಿ, ಇಲ್ಲವೇ ಬನ್ನು. ಜೊತೆಗೆ ದೊಡ್ಡ ಲೋಟದ ತುಂಬ ಟೀ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಒಬ್ಬಳಿಗೆಂದು ಮುದ್ದೆ ತಿರುವಲು ಹೋದರೆ ಹಿಟ್ಟೆಲ್ಲ ಪಾತ್ರೆಯ ತಳಕ್ಕೇ ಹತ್ತಿಕೊಳ್ಳುತ್ತದೆ, ಕೋಲಿಗೆ ಸಿಗುವುದಿಲ್ಲ ಎನ್ನುತ್ತಿದ್ದೆ. ಅದು ನೆಪ. ಮಾಡಿದರೂ ಉಣ್ಣಲು ಮನಸ್ಸಿರಲಿಲ್ಲ. ತಟ್ಟೆಯ ಮುಂದೆ ಒಬ್ಬಳೇ ಕೂತು, ಅಗಿಯುವ ಸದ್ದು ನನಗೇ ಕೇಳಿಸಿದರೆ ಅಳು ಬರುತ್ತಿತ್ತು. ಮಂಡಕ್ಕಿಯಾದರೆ ನಿಂತುಕೊಂಡೇ ತಿಂದು ಮುಗಿಸಬಹುದು.

ಕುರಿ ಸಾಕುವ ಮನೆಯೊಂದರ ಸೊಸೆ, ಚೊಚ್ಚಲ ಬಸುರಿ, ಐದನೇ ತಿಂಗಳಲ್ಲಿ ನನ್ನ ಪಟ್ಟಿಗೆ ಸೇರಿದಳು. ನಮಗೊಂದು ಫಾರಂ ಇದೆ. ನಿನ್ನೆ ಬೆಳಗಿನಿಂದ ಏನೇನು ಉಂಡೆ ಎಂದು ಕೇಳಿ ಬರೆದುಕೊಳ್ಳಬೇಕು. ಅವಳು ಪಟಪಟನೆ ಹೇಳಿದಳು: ರಾಗಿಮುದ್ದೆ, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪಿನ ಪಲ್ಯ, ಮೊಟ್ಟೆ, ಮಜ್ಜಿಗೆ. ನನಗೋ ಹಿಗ್ಗು. ನನ್ನ ಭಾಷಣ ಕೇಳಿ ಒಬ್ಬಳಾದರೂ ಉದ್ಧಾರವಾದಳಲ್ಲ ಎಂದು, ಉಳಿದವರ ಮುಂದೆ ಅವಳನ್ನು ಹೊಗಳಿದ್ದೇ ಹೊಗಳಿದ್ದು.

ಆದರೆ ಅವಳ ರಕ್ತ ಏರಲಿಲ್ಲ. ಏಳನೇ ತಿಂಗಳಿಗೆ ಹಿಮೋಗ್ಲೋಬಿನ್ ಎಂಟಕ್ಕೂ ಕೆಳಗೆ ಇಳಿಯಿತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚು. ನರ್ಸಮ್ಮ ನನ್ನನ್ನು ಆಚೆ ಕರೆದು, ಹೀಗೇ ಇದ್ದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಇವಳು ಉಳಿಯುವುದು ಕಷ್ಟ ಎಂದರು. ಹೆದರಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುವುದು. ನೇರ ಹುಡುಗಿಯ ಮೇಲೆ ರೇಗಿದೆ.

"ನಾವು ಕೊಟ್ಟ ಕಬ್ಬಿಣದ ಮಾತ್ರೆ ಎಲ್ಲಿ ಬಿಸಾಕ್ತೀಯೇ?"

ಅವಳು ಒಳಗಿನಿಂದ ಖಾಲಿ ಶೀಟುಗಳನ್ನು ತಂದು ಮುಂದೆ ಹಾಕಿದಳು. "ಒಂದೂ ಬಿಟ್ಟಿಲ್ಲ ಮೇಡಮ್. ದಿನಾ ಟೀ ಜತಿಗೆ ನುಂಗ್ತೀನಿ."

ಟೀ ಜೊತೆಗೆ! ಹಣೆ ಚಚ್ಚಿಕೊಂಡೆ. ಆದರೂ ಅಷ್ಟೆಲ್ಲ ಉಣ್ಣುವವಳಿಗೆ ಟೀ ಒಂದರಿಂದಲೇ ಹೀಗಾಗುವುದಿಲ್ಲ ಎಂದು ಅನ್ನಿಸುತ್ತಲೇ ಇತ್ತು.

ಒಂದು ಮಧ್ಯಾಹ್ನ ಬಸ್ಸು ತಪ್ಪಿ ಅವಳ ಮನೆಯಲ್ಲೇ ಕೂತೆ. ಮಾವ, ಗಂಡ, ಮೈದುನ ಉಂಡರು. ಆಮೇಲೆ ಅತ್ತೆ. ಕೊನೆಗೆ ಅವಳು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಉಳಿದಿದ್ದ ಅರ್ಧ ಮುದ್ದೆಗೆ ಸಾರಿನ ತಿಳಿ ಸುರಿದುಕೊಂಡು ನಾಲ್ಕು ತುತ್ತಿಗೆ ಮುಗಿಸಿ, ಟೀಗೆ ನೀರಿಟ್ಟಳು. ಪಲ್ಯದ ಬಾಣಲೆ ಆಗಲೇ ಬರಿದಾಗಿತ್ತು.

"ಸೊಪ್ಪು, ಮೊಟ್ಟೆ ಎಲ್ಲಾ ತಿಂತೀನಿ ಅಂತ ಬರೆಸಿದ್ಯಲ್ಲೇ?"

"ದಿನಾ ಮಾಡ್ತೀನಲ್ಲ ಮೇಡಮ್," ಎಂದಳು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಮುಖವಲ್ಲ ಅದು.

ಏನು ಉಂಡೆ ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸು ತಾನು ಏನು ಬೇಯಿಸಿದೆ ಎಂಬುದನ್ನೇ ಹೇಳುತ್ತಾಳೆ. ತನ್ನ ತಟ್ಟೆಗೆ ಏನು ಬಿತ್ತೆಂದು ಅವಳೂ ನೋಡಿಕೊಂಡಿರುವುದಿಲ್ಲ. ನನ್ನ ಅಮ್ಮನೂ ಹೀಗೇ ಇದ್ದಳು. ಅಂಥ ಮನೆಯಲ್ಲೇ ಬೆಳೆದ ನಾನು, ಇಪ್ಪತ್ತು ವರ್ಷ ಅಡುಗೆಯನ್ನೇ ಊಟವೆಂದು ಬರೆದುಕೊಂಡು ಬಂದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಬ್ಯಾಡ ಅಂದೋರ್ಯಾರ್ರಿ? ಮೊದ್ಲೇ ಉಣ್ಣು ಅಂದ್ರೆ ಕುಂತ್ಕಳಲ್ಲ. ನೀವೇ ಹೇಳ್ರಿ."

"ಒಬ್ಳೇ ಕುಂತು ಹೆಂಗ್ ಉಣ್ಲಿ?" ಎಂದಳು ಹುಡುಗಿ, ನನ್ನ ಕಡೆ ತಿರುಗಿ. "ಗಂಟಲಾಗೆ ಇಳಿಯಲ್ಲ. ನೀವೂ ಕುಂತ್ಕಂಡ್ರೆ ಉಣ್ತೀನಿ."

ಗಂಟಲಲ್ಲಿ ಇಳಿಯುವುದಿಲ್ಲ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದಿನ ಸಲ ನಿಂಬೆಹಣ್ಣು ಹಿಡಿದುಕೊಂಡೇ ಹೋದೆ.

ಅಲ್ಲಿಂದಾಚೆಗೆ ನಾನು ಹೋದ ದಿನವೆಲ್ಲ, ಗಂಡಸರು ಉಣ್ಣಲು ಬರುವ ಮೊದಲೇ, ನಾವಿಬ್ಬರು ಎದುರುಬದುರು ಕೂತು ಉಂಡೆವು. ಅತ್ತೆ ಬಡಿಸುತ್ತಿದ್ದರು. ಮುದ್ದೆ, ಕಾಳು, ಸೊಪ್ಪು, ಅವಳಿಗೊಂದು ಮೊಟ್ಟೆ. ನಾನು ಬಾರದ ದಿನ ಅತ್ತೆಯೇ ಅವಳ ಜೊತೆ ಕೂರುವುದೆಂದು ಮಾತಾಯಿತು. ಮಾತ್ರೆ ಬರೀ ನೀರಿನ ಜೊತೆ. ಅವಳು ಯಾವುದೋ ತುಂಟ ಮರಿಯ ಸುದ್ದಿ ಹೇಳಿ ನಗುತ್ತಿದ್ದಳು, ನಾನು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದೆ. ಮೇಡಮ್ ಹೋಗಿ ಅಕ್ಕ ಆದೆ. ಅವಳ ರಕ್ತಕ್ಕಾಗಿ ಹೋಗುತ್ತೇನೆ ಎಂದು ಆಫೀಸಿನಲ್ಲಿ ಹೇಳುತ್ತಿದ್ದೆ. ಬಸ್ಸಿನಲ್ಲಿ ಕೂತಾಗ ಚುರುಗುಟ್ಟುತ್ತಿದ್ದ ಹೊಟ್ಟೆ ಮಾತ್ರ ನನ್ನದೇ.

ಒಂಬತ್ತನೇ ತಿಂಗಳಿಗೆ ರಕ್ತ ಹತ್ತು ದಾಟಿತು. ಅವಳನ್ನು ತವರಿಗೆ, ಆಂಧ್ರದ ಗಡಿಯಾಚೆಯ ಹಳ್ಳಿಗೆ ಕರೆದುಕೊಂಡು ಹೋದರು. ನಾನು ಮತ್ತೆ ಮಂಡಕ್ಕಿಗೆ ಬಂದೆ. ನಾಚಿಕೆಯಾಗುತ್ತಿತ್ತು, ಆದರೂ ಒಲೆ ಹಚ್ಚಲು ಕೈ ಬರಲಿಲ್ಲ.

ಹೆರಿಗೆಯಾಗಿ ವಾರಕ್ಕೆ ಅವಳೇ ಫೋನು ಮಾಡಿದಳು. "ಹೆಣ್ಮಗು ಅಕ್ಕಾ. ಚೆನ್ನಾಗೈತೆ. ನಂಗೂ ಏನೂ ಆಗ್ಲಿಲ್ಲ."

ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಸಾವರಿಸಿಕೊಂಡು, ಹಾಲುಣಿಸುವವಳಿಗೆ ಬಸುರಿಗಿಂತ ಹೆಚ್ಚು ಊಟ ಬೇಕು, ಪಥ್ಯ ಗಿಥ್ಯ ಎಂದು ಸೊಪ್ಪು ಬಿಡಬೇಡ, ನೀರು ಚೆನ್ನಾಗಿ ಕುಡಿ ಎಂದು ಭಾಷಣ ಹಿಡಿದೆ. ಅವಳು ಎಲ್ಲಕ್ಕೂ ಹೂಂ ಎಂದಳು.

"ನಮ್ಮವ್ವ ಜತಿಗೇ ಕುಂತು ಉಣ್ಣುಸ್ತಾಳೆ," ಎಂದವಳು ಹಾಗೇ ಕೇಳಿದಳು: "ನೀವೀಗ ಯಾರ್ ಜತಿ ಉಣ್ತೀರಿ ಅಕ್ಕಾ?"

"ಮಗು ಅಳ್ತಿರಂಗೈತೆ, ಹೋಗಿ ನೋಡು," ಎಂದು ಫೋನಿಟ್ಟೆ. ಅತ್ತ ಕಡೆ ಮಗು ಅಳುತ್ತಿರಲಿಲ್ಲ.