ಕಾವಲುಗುಡ್ಡದಲ್ಲಿ ಕೇಳಿದ ದನಿ

ನಾನು ನಿಂತಿದ್ದದ್ದು ಕಾವಲುಗುಡ್ಡದ ನೆತ್ತಿಯಲ್ಲಿ, ಕುಸಿದ ಹಳೆಯ ಕೋಟೆಗೋಡೆಯ ಪಕ್ಕ. ಕೆಲವು ವರ್ಷಗಳ ಹಿಂದಿನ ಡಿಸೆಂಬರ್. ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗುವ ಮುಂಚಿನ ಒಂದು ಭಾನುವಾರ, ಬೆಳಗಿನ ಹೊತ್ತು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇಂಥ ಕಥೆ ಹೇಳುವವರು ಎಲ್ಲಿ, ಯಾವಾಗ ಎಂದು ಕೇಳಿದರೆ ತಡವರಿಸುವುದನ್ನು ಕಂಡು ನಕ್ಕವನು ನಾನು. ದೆವ್ವ ಗಿವ್ವಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎನ್ನಲಾರೆ.

ಜೊತೆಗಿದ್ದವರು ನನ್ನ ಬಾಲ್ಯದ ಗೆಳೆಯ ನಾಗೇಶ ಮತ್ತು ಅವನ ಹೆಂಡತಿ ಸುಮಿತ್ರಾ. ಕಳಸದವರು, ಗುಡ್ಡದ ಬುಡದಲ್ಲೇ ಅವರ ತೋಟ. ಹತ್ತುವಾಗ ದಾರಿಯುದ್ದಕ್ಕೂ ನಾಗೇಶನದೇ ಮಾತು. "ಏ ಡಬ್ಬಾ, ಬೆಳಿಗ್ಗೆ ಎಷ್ಟು ಕಡುಬು ಇಳಿಸಿದೆ ಮಾರಾಯ? ನಿನ್ನನ್ನು ಹೊತ್ಕೊಂಡು ಹೋಗ್ಲಿಕ್ಕೆ ಆನೆಯೇ ಬೇಕು." ಶಾಲೆಯಲ್ಲಿ ಅವನಿಟ್ಟ ಹೆಸರು ಅದು. ಬೇರೆ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ.

ಗುಡ್ಡದ ಕಥೆ ಹೇಳಿದವನೂ ಅವನೇ. ಪಾಳೆಯಗಾರರ ಕಾಲದಲ್ಲಿ ಇಬ್ಬರು ಗೆಳೆಯರು ಮೇಲೆ ಕಾವಲಿಗಿದ್ದರಂತೆ. ಅವರಲ್ಲೊಬ್ಬ ಗುಟ್ಟಾಗಿ ಶತ್ರುಗಳ ಕಡೆ ಸೇರಿ, ಮಂಜು ಕವಿದ ದಿನ ಪ್ರಪಾತದ ಅಂಚಿನ ಬಂಡೆಯ ಮರೆಯಿಂದ ಕೂ ಹಾಕಿದ. ಇನ್ನೊಬ್ಬ ಆ ದನಿಯನ್ನು ನಂಬಿ ನಡೆದು ಕೆಳಗೆ ಬಿದ್ದ. ನಮ್ಮ ಕಡೆ ಕಾಡಿನಲ್ಲಿ ಒಬ್ಬರನ್ನೊಬ್ಬರು ಹುಡುಕುವುದು ಕೂ ಹಾಕಿಯೇ. ಆದರೆ ಆ ಗುಡ್ಡದಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ಕಲ್ಲಿಗೆ ಕಲ್ಲು ಬಡಿದು ಸದ್ದು ಮಾಡುತ್ತಾರೆ.

ನಾವು ನೆತ್ತಿ ಮುಟ್ಟಿ ಸುಧಾರಿಸಿಕೊಳ್ಳುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. ಚಾಚಿದ ಕೈ ಕಾಣದಷ್ಟು ದಟ್ಟ ಮಂಜು. "ನೀವಿಬ್ರೂ ಇಲ್ಲೇ ಇರಿ. ದಾರಿ ಸಿಕ್ಕಿದ್ರೆ ಕಲ್ಲು ಬಡೀತೇನೆ" ಎಂದು ನಾಗೇಶ ನಾವು ಬಂದ ಕಡೆಗೆ ಇಳಿದ.

ತುಸು ಹೊತ್ತಿನ ಮೇಲೆ ಕೂ ಎಂಬ ಕೂಗು ಕೇಳಿತು. ಹಿಂದೆಯೇ ಮಾತು: "ಡಬ್ಬಾ, ಈ ಕಡೆ ಬಾ ಮಾರಾಯ. ದಾರಿ ಇಲ್ಲೇ ಉಂಟು."

ನಾಗೇಶನದೇ ದನಿ. ಮಾತಿನ ಕೊನೆಗೆ ಅವನು ನಗುವ ಸಣ್ಣ ನಗೆಯೂ ಅದರಲ್ಲಿತ್ತು. ಅವನೇ ಹೇಳಿದ್ದ ಕಥೆ ನನಗೆ ನೆನಪಾಗಲೇ ಇಲ್ಲ. ಗೆಳೆಯ ಕರೆದ, ಹೊರಟೆ.

ಹಿಂದಿನಿಂದ ಸುಮಿತ್ರಾ ನನ್ನ ಬ್ಯಾಗು ಹಿಡಿದು ಎಳೆದರು. "ನಿಲ್ಲಿ! ಇವ್ರಿಗೇನು ತಲೆ ಕೆಟ್ಟಿದ್ಯಾ? ಇಲ್ಲಿ ಯಾರಾದ್ರೂ ಕೂ ಹಾಕ್ತಾರಾ?" ಅವರ ಮಾತು ಮುಗಿಯುವ ಮೊದಲೇ ನಮ್ಮ ಬೆನ್ನ ಹಿಂದೆ, ದೂರ ಕೆಳಗೆ, ಕಲ್ಲಿಗೆ ಕಲ್ಲು ಬಡಿದ ಸದ್ದು ಬಂತು. ಮಂಜು ಒಂದಿಷ್ಟು ಸರಿಯಿತು. ನನ್ನ ಕಾಲಿನ ಮುಂದೆ ನೆಲವಿರಲಿಲ್ಲ.

ನಾಗೇಶ ಹತ್ತಿ ಬಂದಾಗ ಕಲ್ಲು ಇನ್ನೂ ಅವನ ಕೈಯಲ್ಲಿತ್ತು. ಯಾಕೆ ಕೂಗಿದೆ ಎಂದು ಕೇಳಿದೆ.

"ನಾನು ಬಾಯೇ ಬಿಟ್ಟಿಲ್ಲ ಮಾರಾಯ."

ಕೇಳಿದ್ದು ನಿನ್ನದೇ ದನಿ ಎಂದೆ. ಅವನು ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ. ನನ್ನ ದನಿಯಾ ಅದು?"

ಸುಮಿತ್ರಾ ಅವನ ಮುಖ ನೋಡಲಿಲ್ಲ. "ಹೌದು" ಎಂದರು.

ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಲಾರ. ಇದು ನನಗೆ ಗೊತ್ತು, ನನ್ನನ್ನು ನಾನು ಒಪ್ಪಿಸಲು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೂ ಆಮೇಲೆ ಅವನು ಫೋನಿನಲ್ಲಿ "ಡಬ್ಬಾ" ಎಂದಾಗೆಲ್ಲ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದೆ. ಅವನಿಗೂ ಏನೋ ತಿಳಿದಿರಬೇಕು. ಈಗ ಹೆಸರು ಹಿಡಿದೇ ಕರೆಯುತ್ತಾನೆ, ಅದೂ ಅಪರೂಪಕ್ಕೆ.

ನನ್ನ ಭ್ರಮೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ದನಿ ಕೇಳಿದವರು ಇನ್ನೊಬ್ಬರಿದ್ದಾರೆ. ಸುಮಿತ್ರಾ. ಕಳಸದ ಅದೇ ಮನೆಯಲ್ಲಿ, ನಾಗೇಶನ ಜೊತೆಯಲ್ಲೇ ಇದ್ದಾರೆ.