ಮಾವನ ಭಟ್ಟಿ, ಸೊಸೆಯ ವೆಬ್‌ಸೈಟು

ದಾವಣಗೆರೆಯ ಮಂಡಕ್ಕಿ ವ್ಯಾಪಾರಿ ಕೆಂಚವೀರಪ್ಪನವರಿಗೆ ೧೯೯೯ರಲ್ಲಿ ಅಂಗಡಿಗೊಂದು ವೆಬ್‌ಸೈಟು ಬೇಕೆನಿಸಿತು. ಮದುವೆಗೆ ಮೊದಲು ಹರಿಹರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸೊಸೆ ಯಶೋದಾ ಅದನ್ನು ಸಿದ್ಧಮಾಡಿದಳು. ಅದನ್ನು ಸರ್ವರ್ ಎಂಬ ಬಾಡಿಗೆಯ ದೊಡ್ಡ ಕಂಪ್ಯೂಟರಿನಲ್ಲಿ ಹೇಗೆ ಇಡುವುದೆಂಬುದೊಂದೇ ಉಳಿದಿತ್ತು.

“ಒಂದೇ ಸರ್ವರ್‌ನಾಗೆ ನೂರಾರು ಮಂದಿ ಜೊತೆ ಇರಬಹುದು, ಮಾವ. ಅವರ ಕಡೆ ಗದ್ದಲಾದ್ರೆ ನಮ್ದೂ ನಿಧಾನ ಆಗ್ತೈತೆ. ಇಲ್ಲಾಂದ್ರೆ ಅದರಾಗೆ ನಮಗೇ ಅಂತ ಒಂದು ಭಾಗ ತಗೋಬಹುದು.”

“ನಮಗೇ ಅಂತ ಇರೋದು ತಗೊಳ್ಳವ್ವ. ನಾವೇನು ಕಡಿಮೆ?”

“ಆದ್ರೆ ಅದು ಕೆಟ್ಟು ನಿಂತ್ರೆ ಯಾವ ಹೊತ್ತಾದ್ರೂ ನಾನೇ ಕೂತು ಸರಿ ಮಾಡ್ಬೇಕು. ಹಂಚಿಕೊಂಡ್ರೆ ಸರ್ವರಿನವರೇ ನೋಡ್ಕೊತಾರೆ.” ತೊಡೆಯ ಮೇಲಿದ್ದ ಕೂಸು ಕೃತಿಕಾ ಕೀಬೋರ್ಡಿಗೆ ಕೈಚಾಚಿತು.

ಅಡುಗೆಮನೆಯಿಂದ ಅತ್ತೆ ಕಸ್ತೂರಮ್ಮನ ದನಿ ಬಂತು: “ಮಂಡಕ್ಕಿ ಹುರಿಯಾಕೆ ಸ್ವಂತ ಭಟ್ಟಿ ಹಾಕಿದಾಗ್ಲೂ ಹಿಂಗೇ ಮೆರೆದ್ರಿ. ಬೆಂಕಿ ಬಿಟ್ಟು ಬರಾಕಾಗಲ್ಲ ಅಂತ ಅಲ್ಲೇ ಮಲಗಿದ್ರಿ. ಹೆತ್ತ ಮಗ ನಿಮ್ಮನ್ನ ಕಂಡು, ಯಾರೋ ಬಂದ್ರು ಅಂತ ಅತ್ತಿದ್ದ!”

ಮಗ ಹಾಗೆ ಅತ್ತ ಮೇಲೆ ಆ ಭಟ್ಟಿ ಮುಚ್ಚಿ, ಪರರ ಭಟ್ಟಿಯಲ್ಲಿ ಸರದಿ ಹಿಡಿದು ಹುರಿಸಿಕೊಂಡವರು ಕೆಂಚವೀರಪ್ಪ. ಮೊಮ್ಮಗಳನ್ನು ಎತ್ತಿಕೊಂಡರು.

“ಎಲ್ಲಾರ ಜೊತೆನೇ ಇರ್ಲಿ ಬಿಡವ್ವ. ನಿಧಾನ ಆದ್ರೆ ಗಿರಾಕಿಗಳು ಮಂಡಕ್ಕಿ ತಿಂತಾ ಕಾಯ್ಲಿ.”

ಫೋನಿನ ತಂತಿಯಲ್ಲಿ ಇಂಟರ್ನೆಟ್ ಹಿಡಿಯುತ್ತಿದ್ದ ಮೋಡೆಮ್ಮಿನ ಕಿರುಗುಟ್ಟುವ ಸದ್ದು ನೆನಪಾದರೆ ಯಶೋದಾಳಿಗೆ ಇಂದಿಗೂ ಮಾವನ ಅಂಗಿಯ ಹುರಿದ ವಾಸನೆ ಮೂಗಿಗೆ ಬರುತ್ತದೆ, ಆ ಅಂಗಿಗೆ ಕೆನ್ನೆಯೊತ್ತಿ ಮಲಗಿದ ಮಗಳು ಕಣ್ಮುಂದೆ ಬರುತ್ತಾಳೆ. ಆ ದಿನಗಳಲ್ಲಿ ವೆಬ್‌ಸೈಟು ಆಗಾಗ ನಿಲ್ಲುತ್ತಿತ್ತು. ಅವಳು ಸರ್ವರಿನವರಿಗೊಂದು ಫೋನು ಮಾಡಿ, ಮಗಳಿಗೆ ತುತ್ತು ಕಲಸಲು ಹೋಗುತ್ತಿದ್ದಳು.